ವ್ಯಸನ: ಚಟವೂ ಕೊರಗೂ

ವ್ಯಸನ

ಹೊಗೆಸೊಪ್ಪು ಬೆಳೆಯುವ ಹುಣಸೂರು, ಪಿರಿಯಾಪಟ್ಟಣ, ಬೈಲಕುಪ್ಪೆಯ ಕಡೆ ಆಡುಮಾತಿನಲ್ಲಿ ಇದು ಚಟ. ‘ವ್ಯಸನಮುಕ್ತಿ’ ಎಂಬುದು ಫಲಕದ ಮಾತು. ಸಂಸ್ಕೃತದ ‘ವಿ’ಗೆ ಎಸೆಯುವ ಅರ್ಥದ ‘ಅಸ್’ ಧಾತು ಕೂಡಿ ಹುಟ್ಟಿದ ಪದ ‘ವ್ಯಸನ’. ಕೌಟಿಲ್ಯನ ಅರ್ಥಶಾಸ್ತ್ರದ 8ನೆಯ ಅಧಿಕರಣದಲ್ಲಿ ರಾಜ್ಯದ ವಿಪತ್ತೂ ವ್ಯಸನ, ಜೂಜು ಕುಡಿತಗಳೂ ವ್ಯಸನ. ಮರಾಠಿಯಲ್ಲಿ ಚಟದ ಅರ್ಥ ಮೇಲಾಯಿತು. ಮಲಯಾಳದಲ್ಲಿ, ತಮಿಳಿನ ‘ವಿಸನ’ದಲ್ಲಿ ದುಃಖ. ಕನ್ನಡವೋ ಎರಡನ್ನೂ ಇಟ್ಟುಕೊಂಡಿದೆ: ‘ವ್ಯಸನಪಡು’ ಎಂದರೆ ಇಂದಿಗೂ ಕೊರಗುವುದೇ.

ಈ ಜೋಡಿ ಅರ್ಥವನ್ನು ಹಳೆಯದೆಂದು ತಳ್ಳಬಾರದು: ಚಟವೂ ಕೊರಗೂ ಇಂದಿಗೂ ಜೊತೆಗೂಡಿ ಬರುವುದುಂಟು. ಮದ್ಯ, ಮಾದಕವಸ್ತುಗಳ ದುರ್ಬಳಕೆಗೆ ಅಂಟಿದ ಮನಃಸ್ಥಿತಿಗಳನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮಾನಸಿಕ ಕಾಯಿಲೆಗಳಲ್ಲೇ ಎಣಿಸಿದೆ. ಮೊದಲು ಕುಡಿತ ಬಿಡಲಿ, ಖಿನ್ನತೆ ತಾನೇ ಇಳಿದೀತು ಎನ್ನುವವರಿದ್ದಾರೆ. ಕೆಲವರಲ್ಲಿ ಕೆಲವೇ ವಾರಗಳಲ್ಲಿ ಇಳಿಯುವುದೂ ನಿಜ. ಇಳಿಯದವರನ್ನು ಆ ಕೊರಗೇ ಮತ್ತೆ ಬಾಟಲಿಯ ಕಡೆ ನೂಕುತ್ತದೆ. ಅವರಿಗೆ ಎರಡೂ ಚಿಕಿತ್ಸೆ ಒಟ್ಟಿಗೇ ಸಿಗಬೇಕು.