ಕಲ್ಲಿನ ಜಾರುಬಂಡೆ

ಊರಿನಿಂದ ನೆಂಟರು ಬಂದರೆ ದೆಹಲಿಯಲ್ಲಿ ನಾವು ತೋರಿಸುವ ಸ್ಥಳಗಳ ಪಟ್ಟಿ ಹೆಚ್ಚುಕಡಿಮೆ ಎಲ್ಲ ಕನ್ನಡಿಗರ ಮನೆಯಲ್ಲೂ ಒಂದೇ. ಕುತುಬ್ ಮಿನಾರ್, ಕೆಂಪು ಕೋಟೆ, ಇಂಡಿಯಾ ಗೇಟ್, ಬಿರ್ಲಾ ಮಂದಿರ. ಕನಾಟ್ ಪ್ಲೇಸಿನ ಖರೀದಿ ಮುಗಿದು ಸಮಯ ಉಳಿದರೆ ಜಂತರ್ ಮಂತರ್. ಅಲ್ಲಿ ದೊಡ್ಡವರಿಗೆ ಹತ್ತು ನಿಮಿಷದಲ್ಲಿ ಬೇಸರವಾಗುತ್ತದೆ. ಮಕ್ಕಳಿಗೆ ಮಾತ್ರ ಹೊರಡಲು ಮನಸ್ಸಾಗುವುದಿಲ್ಲ. ಆಕಾಶಕ್ಕೆ ಏರಿ ಅಲ್ಲೇ ನಿಂತುಬಿಡುವ ಮೆಟ್ಟಿಲು, ಬಟ್ಟಲಿನಂತಹ ಗುಳಿ, ಸುತ್ತುಗೋಡೆ, ಕಿಟಕಿ—ಇದೆಲ್ಲ ತಮಗಾಗಿಯೇ ಕಟ್ಟಿದ್ದೆಂದು ಅವು ತಿಳಿಯುತ್ತವೆ.

ಕಟ್ಟಿದ್ದು ಬೇರೆ ಕೆಲಸಕ್ಕೆ. ಮುಂದೆ ಜಯಪುರ ನಗರವನ್ನು ನಿರ್ಮಿಸಿದ ಸವಾಯಿ ಜಯಸಿಂಹ ಮಹಾರಾಜನು 1724ರಲ್ಲಿ ಗ್ರಹನಕ್ಷತ್ರಗಳ ಗತಿಯನ್ನು ಅಳೆಯಲು ಕಟ್ಟಿಸಿದ ವೇಧಶಾಲೆ ಅದು. ಸಾಮ್ರಾಟ ಯಂತ್ರದ ಓರೆಗೋಡೆ ಧ್ರುವನಕ್ಷತ್ರದತ್ತ ಮುಖಮಾಡಿದೆ. ಅದರ ನೆರಳು ಹೊತ್ತನ್ನು ಹೇಳುತ್ತದೆ. ಹಿಂದೆ ಆ ಮೆಟ್ಟಿಲುಗಳನ್ನು ಜನ ಹತ್ತುತ್ತಿದ್ದರು. ಈಗ ಹತ್ತುವಂತಿಲ್ಲ. ರಕ್ಷಿತ ಸ್ಮಾರಕವಾದ್ದರಿಂದ ಅದು ನ್ಯಾಯವೇ.

ಆ ಮೆಟ್ಟಿಲಿಗೆ ಮಕ್ಕಳಂತೆಯೇ ಮನಸೋತ ಶಿಲ್ಪಿಯೊಬ್ಬನಿದ್ದ. ಹೆಸರು ಇಸಾಮು ನೊಗುಚಿ. 1904ರಲ್ಲಿ ಅಮೆರಿಕದ ಲಾಸ್ ಏಂಜಲಿಸ್‌ನಲ್ಲಿ ಹುಟ್ಟಿದವನು. ತಾಯಿ ಅಮೆರಿಕದ ಲೇಖಕಿ, ತಂದೆ ಜಪಾನೀ ಕವಿ ಯೋನೆ ನೊಗುಚಿ. (ಚೀನಾದ ಮೇಲೆ ಜಪಾನು ನಡೆಸಿದ ದಾಳಿಯನ್ನು ಸಮರ್ಥಿಸಿ 1938ರಲ್ಲಿ ರವೀಂದ್ರನಾಥ ಠಾಕೂರರಿಗೆ ಪತ್ರ ಬರೆದು, ಅವರಿಂದ ಖಾರವಾದ ಉತ್ತರ ಪಡೆದವನು ಇದೇ ಯೋನೆ.) ಬಾಲ್ಯ ಜಪಾನಿನಲ್ಲಿ, ಹದಿಮೂರರ ನಂತರ ಅಮೆರಿಕದಲ್ಲಿ. ಅಲ್ಲಿ ಜಪಾನಿಯವ, ಇಲ್ಲಿ ಅಮೆರಿಕದವ ಎನ್ನಿಸಿಕೊಂಡು ಬೆಳೆದ ಹುಡುಗ. ಪರಊರಿನಲ್ಲಿ ಮಕ್ಕಳನ್ನು ಬೆಳೆಸುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆಟದ ಬಯಲೇ ಒಂದು ಶಿಲ್ಪವಾಗಬೇಕು. ನೋಡಿ ಹೋಗುವ ಶಿಲ್ಪವಲ್ಲ, ಹತ್ತಿ ಇಳಿದು ಜಾರುವ ಶಿಲ್ಪ. ಈ ಹುಚ್ಚು ಆತನಿಗೆ 1933ರಲ್ಲಿ ಹಿಡಿಯಿತು. ನ್ಯೂಯಾರ್ಕಿನ ಬೀದಿಗಳ ನಡುವಣ ಒಂದು ಇಡೀ ಚೌಕವನ್ನು ಗುಡ್ಡವನ್ನಾಗಿ ಮಾಡುವ ಯೋಜನೆ ಹಾಕಿದ. ಒಂದು ಮಗ್ಗುಲಿನಲ್ಲಿ ದೊಡ್ಡ ಮೆಟ್ಟಿಲು, ಇನ್ನೊಂದರಲ್ಲಿ ಹಿಮ ಬಿದ್ದಾಗ ಜಾರುವ ಇಳಿಜಾರು, ಬೇಸಿಗೆಗೆ ನೀರಿನ ಜಾರುದಾರಿ, ಕೆಳಗೆ ಆಳವಿಲ್ಲದ ಕೊಳ. ‘ಆಟದ ಬೆಟ್ಟ’ ಎಂದು ಹೆಸರು. ಮಾದರಿಯನ್ನು ಹೊತ್ತುಕೊಂಡು 1934ರಲ್ಲಿ ನಗರದ ಉದ್ಯಾನಗಳ ಕಮಿಷನರ್ ರಾಬರ್ಟ್ ಮೋಸಸ್ ಬಳಿಗೆ ಹೋದ. ಮೋಸಸ್ ನಕ್ಕು ಹೊರಗೆ ಕಳಿಸಿದ. ಈ ಮೋಸಸ್ ಮಕ್ಕಳ ವೈರಿಯೇನಲ್ಲ; ನಗರದಲ್ಲಿ ನೂರಾರು ಆಟದ ಬಯಲು ಮಾಡಿಸಿದವನೇ. ಆದರೆ ಎಲ್ಲವೂ ಒಂದೇ ಅಚ್ಚಿನವು: ಗಟ್ಟಿ ನೆಲ, ಉಯ್ಯಾಲೆ, ಜಾರುಬಂಡೆ, ಸುತ್ತ ಬೇಲಿ. ಉಯ್ಯಾಲೆಯಲ್ಲಿ ತೂಗುವುದೊಂದೇ ಸಾಧ್ಯ. ಗುಡ್ಡದಲ್ಲಿ ಏನು ಮಾಡಬೇಕೆಂದು ಮಗುವೇ ಹೇಳಬೇಕು. ಇಬ್ಬರ ಜಗಳದ ಮೂಲ ಇಷ್ಟೇ.

ಹವಾಯಿಗಾಗಿ ಮಾಡಿದ ಆಟದ ಸಾಮಾನುಗಳನ್ನು ಕಂಡು ಮಕ್ಕಳು ಬಿದ್ದಾರು ಎಂದು ಅಧಿಕಾರಿಗಳು ತಕರಾರು ತೆಗೆದರು. ಸರಿ, ಬೀಳಲು ಎತ್ತರವೇ ಬೇಡ ಎಂದು ಬರೀ ಮಣ್ಣಿನ ಉಬ್ಬುತಗ್ಗುಗಳ ಬಯಲೊಂದನ್ನು 1941ರಲ್ಲಿ ರೂಪಿಸಿದ. ಅದಕ್ಕೆ ಒಪ್ಪಿಗೆ ಸಿಗುವ ಹೊತ್ತಿಗೆ ಅಮೆರಿಕ ಯುದ್ಧಕ್ಕೆ ಇಳಿಯಿತು. ಮರುವರ್ಷ ಪಶ್ಚಿಮ ಕರಾವಳಿಯ ಜಪಾನೀ ಮೂಲದವರನ್ನೆಲ್ಲ ಶಿಬಿರಗಳಿಗೆ ದೂಡಿದಾಗ, ನ್ಯೂಯಾರ್ಕಿನವನಾದ ನೊಗುಚಿ ಹೋಗಬೇಕಾಗಿರಲಿಲ್ಲ. ತಾನಾಗಿಯೇ ಅರಿಜೋನ ಮರುಭೂಮಿಯ ಪೋಸ್ಟನ್ ಶಿಬಿರಕ್ಕೆ ಹೋದ. ಸೆರೆಯಲ್ಲಿದ್ದ ಮಕ್ಕಳಿಗೆ ಉದ್ಯಾನ, ಆಟದ ಬಯಲು ಮಾಡಿಕೊಡಬೇಕೆಂಬುದು ಆಸೆ. ನಕ್ಷೆ ಬರೆದ. ಸಾಮಗ್ರಿ ಬರಲಿಲ್ಲ. ತಿಂಗಳುಗಟ್ಟಲೆ ಕಾದು ನವೆಂಬರಿನಲ್ಲಿ ಹೊರಬಿದ್ದ.

ಭಾರತಕ್ಕೆ ಬಂದದ್ದು 1949ರಲ್ಲಿ, ವಿದ್ಯಾರ್ಥಿವೇತನವೊಂದರ ನೆರವಿನಿಂದ, ಕ್ಯಾಮೆರಾ ಹಿಡಿದು. ದೆಹಲಿ, ಜಯಪುರಗಳ ವೇಧಶಾಲೆಗಳ ಚಿತ್ರ ತೆಗೆದ. ಹದಿನೈದು ವರ್ಷದಿಂದ ಅಧಿಕಾರಿಗಳಿಗೆ ಮಾದರಿಯಲ್ಲಿ ತೋರಿಸಿ ಸೋತಿದ್ದ ಆಕಾರಗಳು ಇಲ್ಲಿ ಎರಡು ಶತಮಾನದಿಂದ ಗಟ್ಟಿಯಾಗಿ ನಿಂತಿದ್ದವು.

ಸೋಲು ಅಲ್ಲಿಗೂ ಮುಗಿಯಲಿಲ್ಲ. ವಿಶ್ವಸಂಸ್ಥೆಯ ಆವರಣಕ್ಕೆಂದು 1952ರ ಸುಮಾರಿಗೆ ಮಾಡಿದ ಯೋಜನೆಯನ್ನು ಮೋಸಸ್ ಮತ್ತೆ ತಡೆದ. 1961ರಿಂದ ಐದು ವರ್ಷ ವಾಸ್ತುಶಿಲ್ಪಿ ಲೂಯಿ ಕಾನ್ ಜೊತೆ—ಅಹಮದಾಬಾದಿನ ಐ.ಐ.ಎಂ. ಕಟ್ಟಡಗಳ ಅದೇ ಕಾನ್—ಮತ್ತೊಂದು ನ್ಯೂಯಾರ್ಕ್ ಉದ್ಯಾನಕ್ಕಾಗಿ ಒಂದಾದ ಮೇಲೊಂದರಂತೆ ಮಾದರಿ ಮಾಡಿದ. ನೆರೆಯವರ ವಿರೋಧ, ನ್ಯಾಯಾಲಯ, ಹೊಸ ಮೇಯರ್. 1966ರಲ್ಲಿ ಅದೂ ಹೋಯಿತು. ಅಮೆರಿಕದಲ್ಲಿ ಆತನ ಆಟದ ಬಯಲೊಂದು ಕೊನೆಗೂ ಎದ್ದದ್ದು 1976ರಲ್ಲಿ, ಅಟ್ಲಾಂಟ ನಗರದಲ್ಲಿ. ಆಗ ವಯಸ್ಸು ಎಪ್ಪತ್ತು ದಾಟಿತ್ತು.

1986ರ ವೆನಿಸ್ ಕಲಾಪ್ರದರ್ಶನದಲ್ಲಿ ಅಮೆರಿಕದ ಪರವಾಗಿ ಆತ ಇಟ್ಟದ್ದು ಬಿಳಿಯ ಅಮೃತಶಿಲೆಯ ಸುರುಳಿ ಜಾರುಬಂಡೆ. ಒಳಗಿನಿಂದ ಮೆಟ್ಟಿಲು ಹತ್ತಿ ಹೊರಗಿನ ಸುತ್ತಿನಲ್ಲಿ ಜಾರಿ ಇಳಿಯುವುದು. ಹೆಸರು ‘ಸ್ಲೈಡ್ ಮಂತ್ರ’. ಜಂತರ್ ಮಂತರ್ ಕಂಡವರಿಗೆ ಹೆಸರಿನ ಬೇರೂ ಮೆಟ್ಟಿಲಿನ ಬೇರೂ ತಿಳಿಯುತ್ತವೆ. ಅದೀಗ ಮಿಯಾಮಿ ಪೇಟೆಯ ನಡುವಿನ ಬೇಫ್ರಂಟ್ ಪಾರ್ಕಿನಲ್ಲಿದೆ.

1988ರಲ್ಲಿ ಜಪಾನಿನ ಸಪ್ಪೊರೊ ನಗರ ಕರೆಯಿತು. ಊರಾಚೆ ಕಸ ತುಂಬುತ್ತಿದ್ದ ಸುಮಾರು 189 ಹೆಕ್ಟೇರ್ ಜಾಗವನ್ನು ತೋರಿಸಿದಾಗ ಮುದುಕನಿಗೆ ಹಿಗ್ಗು. ಐವತ್ತೈದು ವರ್ಷದ ಹಿಂದಿನ ‘ಆಟದ ಬೆಟ್ಟ’ವನ್ನು ಮತ್ತೆ ಹೊರತೆಗೆದ. ಮಾದರಿ ಸಿದ್ಧವಾಗಿ ಒಂದೆರಡು ತಿಂಗಳೊಳಗೆ, ಆ ವರ್ಷದ ಡಿಸೆಂಬರ್ 30ರಂದು ತೀರಿಕೊಂಡ. ಜೊತೆಗಾರರು ಕೆಲಸ ಮುಂದುವರಿಸಿದರು. ಮೊಎರೆನುಮಾ ಎಂಬ ಆ ಉದ್ಯಾನ ಪೂರ್ಣಗೊಂಡದ್ದು 2005ರಲ್ಲಿ. ಮೋಸಸ್ ನಕ್ಕ ಬೆಟ್ಟ ಅಲ್ಲಿ 30 ಮೀಟರ್ ಎತ್ತರಕ್ಕೆ ಎದ್ದು ನಿಂತಿದೆ.

ನನಗೆ ಅದಕ್ಕಿಂತ ಹೆಚ್ಚು ಹಿಡಿಸುವುದು ಅದೇ ನಗರದ ನಟ್ಟನಡುವೆ ಓದೊರಿ ಉದ್ಯಾನದಲ್ಲಿರುವ ಕರಿಯ ಗ್ರಾನೈಟಿನ ಜಾರುಬಂಡೆ. ಉದ್ಯಾನದ ಎರಡು ತುಂಡುಗಳ ನಡುವೆ ಹಾಯುತ್ತಿದ್ದ ರಸ್ತೆಯನ್ನೇ ಮುಚ್ಚಿ ಅಲ್ಲಿ 1992ರಲ್ಲಿ ಅದನ್ನು ನಿಲ್ಲಿಸಿದರು. ಮಕ್ಕಳಿಗಾಗಿ ವಾಹನಗಳು ಸುತ್ತಿಕೊಂಡು ಹೋಗುತ್ತವೆ! ‘ಹುಲ್ಲಿನ ಮೇಲೆ ನಡೆಯಬೇಡಿ’ ಎಂಬ ಫಲಕದ ಪಾರ್ಕುಗಳಿಗೆ ಒಗ್ಗಿದ ನಾನು ಇದನ್ನು ಎರಡು ಸಲ ಓದಿದೆ.

ಮಕ್ಕಳು ಜಾರಿ ಜಾರಿ ನುಣುಪು ಮಾಡಿದ ಮೇಲೆಯೇ ಈ ಶಿಲ್ಪ ಮುಗಿಯುವುದೆಂದು ನೊಗುಚಿಯ ಎಣಿಕೆಯಾಗಿತ್ತಂತೆ. ತಗಡಿನದಾಗಲಿ ಪ್ಲಾಸ್ಟಿಕ್ಕಿನದಾಗಲಿ ನಾವು ಇಂದಿಗೂ ‘ಜಾರುಬಂಡೆ’ ಎಂದೇ ಅನ್ನುತ್ತೇವಷ್ಟೆ. ಊರ ಹೊರಗಿನ ಬಂಡೆಯ ಮೇಲೆ, ಅಪ್ಪಂದಿರ ಕಾಲದಿಂದ ಜಾರಿ ಕನ್ನಡಿಯಂತಾಗಿದ್ದ ಪಟ್ಟೆಯಲ್ಲಿ ಜಾರಿ, ಚಡ್ಡಿಯ ಹಿಂಭಾಗ ಹರಿದುಕೊಂಡು ಸಂಜೆ ಅಮ್ಮನಿಂದ ಪೆಟ್ಟು ತಿಂದವರು ನಮ್ಮ ಸಂಘದಲ್ಲಿ ಇನ್ನೂ ಹಲವರಿದ್ದಾರೆ.