ತವರಿನ ಹೆಸರಿನಲ್ಲಿ ಒಂದು ಖಾತೆ

ನಮ್ಮ ಕಾಲದಲ್ಲಿ ಎಸ್ಸೆಸ್ಸೆಲ್ಸಿ ಮುಗಿಯುವ ಹೊತ್ತಿಗೆ ಪ್ರತಿ ಹುಡುಗಿಯ ಕೈಯಲ್ಲೂ ಒಂದು ಆಟೋಗ್ರಾಫ್ ಪುಸ್ತಕ ಇರುತ್ತಿತ್ತು. ಗುಲಾಬಿ, ಹಳದಿ, ತಿಳಿನೀಲಿ ಬಣ್ಣದ ಹಾಳೆಗಳು. ಒಂದೊಂದು ಹಾಳೆಯಲ್ಲೂ ಒಬ್ಬ ಗೆಳತಿಯ ನಾಲ್ಕು ಸಾಲು ಹಾರೈಕೆ, ಕೆಳಗೆ ಸಹಿ, ಅದರ ಕೆಳಗೆ 'ಖಾಯಂ ವಿಳಾಸ'. ಈ ಖಾಯಂ ಎಂಬ ಮಾತನ್ನು ಈಗ ಓದಿದರೆ ನಗು ಬರುತ್ತದೆ. ಬರೆದದ್ದೆಲ್ಲ ತಂದೆಯ ಮನೆಯ ವಿಳಾಸ. ಐದಾರು ವರ್ಷಗಳಲ್ಲಿ ನಮಗೆಲ್ಲ ಮದುವೆಯಾಯಿತು. ಊರು ಬದಲಾಯಿತು, ಹೆಸರಿನ ಇನಿಷಿಯಲ್ ಬದಲಾಯಿತು. ಕೆಲವರಿಗೆ ಧಾರೆಯ ದಿನ ಗಂಡನ ಮನೆಯವರು ಹೆಸರನ್ನೇ ಬದಲಿಸಿದರು. ತಂದೆ ತಾಯಿ ಕಾಲವಾಗಿ, ಅಣ್ಣ ತಮ್ಮಂದಿರು ಪಾಲಾಗಿ, ಆ ಖಾಯಂ ಮನೆಯೂ ಮಾರಾಟವಾದ ಮೇಲೆ ಪತ್ರ ಹಾಕುವುದಾದರೂ ಎಲ್ಲಿಗೆ? ಗಂಡಸರಿಗೆ ಈ ಕಷ್ಟವಿಲ್ಲ. ಎಷ್ಟು ವರ್ಷವಾದರೂ ಅವರು ಅದೇ ಹೆಸರಿನವರು, ಅದೇ ಊರಿನವರು.

ಆದ್ದರಿಂದಲೇ ಸಾಮಾಜಿಕ ಜಾಲತಾಣಗಳ ಚರಿತ್ರೆಯನ್ನು ಯಾರಾದರೂ ಬರಿಯ ಯಂತ್ರಗಳ ಕತೆಯಾಗಿ ಹೇಳಿದರೆ ನನಗೆ ಅರ್ಧ ಕೇಳಿದಂತಾಗುತ್ತದೆ. ಕಳೆದುಹೋದ ಹೆಣ್ಣುಮಕ್ಕಳು ಒಬ್ಬರನ್ನೊಬ್ಬರು ಹುಡುಕಿಕೊಂಡ ಕತೆಯೂ ಅದರೊಳಗಿದೆ.

ಇಬ್ಬರು ಅಪರಿಚಿತರ ನಡುವೆ ಎಷ್ಟು ಜನ ಪರಿಚಿತರಿರಬಹುದು ಎಂಬ ಲೆಕ್ಕ ಕಂಪ್ಯೂಟರಿಗಿಂತ ಹಳೆಯದು. ಹಂಗೇರಿಯ ಲೇಖಕ ಫ್ರಿಗ್ಯೆಶ್ ಕಾರಿಂತಿ 1929ರಲ್ಲೇ ಒಂದು ಕಥೆಯಲ್ಲಿ ಈ ಆಟ ಆಡಿಸಿದ್ದ. ಜಗತ್ತಿನಲ್ಲಿ ಯಾರನ್ನೇ ಹೆಸರಿಸಿ, ಐದು ಜನರ ಕೊಂಡಿಯಲ್ಲಿ ಅವರನ್ನು ಮುಟ್ಟಬಹುದು ಎಂಬುದು ಆ ಆಟ. ಅಮೆರಿಕದ ಮನಶ್ಶಾಸ್ತ್ರಜ್ಞ ಸ್ಟ್ಯಾನ್ಲಿ ಮಿಲ್‌ಗ್ರಾಮ್ 1960ರ ದಶಕದಲ್ಲಿ ಅದನ್ನು ನಿಜವಾಗಿಯೇ ಪರೀಕ್ಷಿಸಿದ. ಬಾಸ್ಟನ್ನಿನಲ್ಲಿ ಕೆಲಸ ಮಾಡುವ ಒಬ್ಬ ಷೇರು ದಲ್ಲಾಳಿಗೆ ಒಂದು ಲಕೋಟೆ ತಲುಪಬೇಕು. ಆದರೆ ನೇರವಾಗಿ ಅಂಚೆಗೆ ಹಾಕುವಂತಿಲ್ಲ; ತಮಗೆ ಚೆನ್ನಾಗಿ ಗೊತ್ತಿರುವ ಯಾರಿಗಾದರೂ ಕೊಟ್ಟು, ಅವರು ಮತ್ತೊಬ್ಬರಿಗೆ ಕೊಟ್ಟು, ಹೀಗೆ ಮುಟ್ಟಿಸಬೇಕು. 1969ರಲ್ಲಿ ಪ್ರಕಟವಾದ ಲೆಕ್ಕದಂತೆ 296 ಜನರಿಂದ ಶುರುವಾದದ್ದರಲ್ಲಿ 64 ಲಕೋಟೆಗಳು ತಲುಪಿದವು. ತಲುಪಿದವುಗಳ ಮಧ್ಯೆ ಇದ್ದವರು ಸರಾಸರಿ ಐದು ಜನ. ನಮಗೆ ಇದರಲ್ಲಿ ಆಶ್ಚರ್ಯವೇನಿದೆ ಹೇಳಿ! ಮದುವೆಮನೆಯ ಪಂಕ್ತಿಯಲ್ಲಿ ಪಕ್ಕ ಕೂತವರನ್ನು "ಯಾವ ಊರಾಯ್ತು? ಯಾರ ಪೈಕಿ?" ಎಂದು ಕೇಳಿ, ಹೋಳಿಗೆ ಬರುವಷ್ಟರಲ್ಲಿ ನಂಟು ಹುಡುಕುವವರು ನಾವು.

ಈ "ಯಾರ ಪೈಕಿ" ಎಂಬ ಪ್ರಶ್ನೆಯನ್ನೇ ಕಂಪ್ಯೂಟರಿಗೆ ಕಲಿಸಿದ್ದು ಅಮೆರಿಕದಲ್ಲಿ 1997ರಲ್ಲಿ ಆರಂಭವಾದ ಸಿಕ್ಸ್ ಡಿಗ್ರೀಸ್ ಎಂಬ ತಾಣ. ಆಗ ಇಂಟರ್ನೆಟ್ ಇದ್ದ ಮನೆಗಳೇ ಕಡಿಮೆ. ಅದು ಬಹಳ ದಿನ ಬಾಳಲಿಲ್ಲ. ಆಮೇಲೆ ಫ್ರೆಂಡ್‌ಸ್ಟರ್, ಮೈಸ್ಪೇಸ್ ಬಂದವು. 2004ರ ಜನವರಿಯಲ್ಲಿ ಗೂಗಲ್ ಸಂಸ್ಥೆ ಆರ್ಕುಟ್ ತೆರೆಯಿತು. ಅದು ಅದನ್ನು ಕಟ್ಟಿದ ತುರ್ಕಿಯ ಎಂಜಿನಿಯರನ ಹೆಸರು. ಆರ್ಕುಟ್ ಬುಯುಕ್‌ಕೋಕ್ಟನ್ ಸ್ಟ್ಯಾನ್‌ಫರ್ಡ್‌ನಲ್ಲಿ ಓದುತ್ತಿದ್ದಾಗಲೇ, 2001ರಲ್ಲಿ, ಅಲ್ಲಿನ ವಿದ್ಯಾರ್ಥಿಗಳಿಗಾಗಿ ಇಂಥದೇ ಒಂದು ಕೂಟ ಕಟ್ಟಿದ್ದ. ಮರುತಿಂಗಳು, 2004ರ ಫೆಬ್ರವರಿಯಲ್ಲಿ, ಹಾರ್ವರ್ಡ್‌ನ ವಿದ್ಯಾರ್ಥಿಗಳಿಗಾಗಿ ಫೇಸ್‌ಬುಕ್ ಹುಟ್ಟಿತು. ಆದರೆ ಅದರ ಬಾಗಿಲು ಎಲ್ಲರಿಗೂ ತೆರೆದದ್ದು 2006ರ ಸೆಪ್ಟೆಂಬರಿನಲ್ಲಿ. ಅಷ್ಟರಲ್ಲಿ ಬ್ರೆಜಿಲ್ ಮತ್ತು ಭಾರತದ ಜನ ಆರ್ಕುಟ್ಟನ್ನು ತಮ್ಮದಾಗಿಸಿಕೊಂಡಿದ್ದರು.

ಮೊದಲ ಎರಡೂವರೆ ವರ್ಷ ಅಲ್ಲಿಗೆ ಹೋಗಲು ಕರೆಯೋಲೆ ಬೇಕಿತ್ತು. ಒಳಗಿದ್ದವರು ಯಾರಾದರೂ ಕರೆದರೆ ಮಾತ್ರ ಪ್ರವೇಶ. ನನ್ನನ್ನು ಕರೆದವನು ಬೆಂಗಳೂರಿನಲ್ಲಿ ಕೆಲಸಕ್ಕಿದ್ದ ಅಕ್ಕನ ಮಗ, 2005ರಲ್ಲಿ. ನಮ್ಮ ಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲ. ಬಸ್‌ಸ್ಟ್ಯಾಂಡಿನ ಎದುರಿಗೆ ಮಹಡಿಯ ಮೇಲೊಂದು ಸೈಬರ್ ಕೆಫೆ. ಗಂಟೆಗೆ 20 ರೂಪಾಯಿ. ಹಲಗೆ ಹೊಡೆದ ಗೂಡುಗಳಲ್ಲಿ ಕಾಲೇಜು ಹುಡುಗರು. ನಡುವೆ ತರಕಾರಿ ಚೀಲ ಹಿಡಿದ, ನಲವತ್ತು ದಾಟಿದ ನಾನು.

ಹೆಸರು ಬರೆಯುವ ಜಾಗ ಬಂದಾಗ ಕೈ ನಿಂತಿತು. ಬ್ಯಾಂಕಿನಲ್ಲಿ, ರೇಷನ್ ಕಾರ್ಡಿನಲ್ಲಿ ನಾನು ಯಾರದೋ ಹೆಂಡತಿಯಾಗಿ ಇಪ್ಪತ್ತು ವರ್ಷವಾಗಿತ್ತು. ಆ ಹೆಸರಿನಿಂದ ನನ್ನ ಗೆಳತಿಯರು ಯಾರೂ ನನ್ನನ್ನು ಹುಡುಕಲಾರರು. ಫೋನ್ ಮಾಡಿ ಕೇಳಿದೆ. "ಚಿಕ್ಕಮ್ಮಾ, ನಿಮ್ಮನ್ನು ಯಾರು ಹುಡುಕಬೇಕು ಅಂತ ಯೋಚನೆ ಮಾಡಿ, ಅವರಿಗೆ ಗೊತ್ತಿರೋ ಹೆಸರು ಹಾಕಿ" ಅಂದ. ತವರಿನ ಹೆಸರು ಹಾಕಿದೆ. ಊರು ಸಾಗರ; ಎಸ್ಸೆಸ್ಸೆಲ್ಸಿ 1979. ಗಂಡನ ಮನೆಯ ಹೆಸರನ್ನು ಪರಿಚಯದ ಸಾಲುಗಳಲ್ಲಿ ಸೇರಿಸಿದೆ. ಖಾತೆ ತೆರೆಯುವವರಿಗೆ ಇವತ್ತಿಗೂ ಇದಕ್ಕಿಂತ ಒಳ್ಳೆಯ ಬುದ್ಧಿಮಾತನ್ನು ನಾನು ಕೇಳಿಲ್ಲ.

ಆರ್ಕುಟ್ಟಿನ ರೀತಿನೀತಿ ನಮಗೆ ಹೊಸದೇನೂ ಅಲ್ಲ. ಒಬ್ಬೊಬ್ಬರಿಗೆ ಒಂದೊಂದು ಸ್ಕ್ರ್ಯಾಪ್ ಪುಸ್ತಕ. ಬಂದವರು ಅದರಲ್ಲಿ ಎರಡು ಮಾತು ಬರೆದು ಹೋಗುವುದು. ಟೆಸ್ಟಿಮೋನಿಯಲ್ ಎಂಬುದಂತೂ ನಮ್ಮ ಆಟೋಗ್ರಾಫೇ: ಗೆಳತಿ ನಮ್ಮ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆಯುತ್ತಾಳೆ, ನಾವು ಒಪ್ಪಿದರೆ ಅದು ಎಲ್ಲರಿಗೂ ಕಾಣುತ್ತದೆ. ಒಬ್ಬರಿಗೆ ಒಂದು ಸಾವಿರ ಸ್ನೇಹಿತರ ಮಿತಿ ಇತ್ತು. ಅಪರಿಚಿತರ ಪುಟಕ್ಕೆ ಹೋದರೆ, ಯಾರಿಂದ ಯಾರಿಗೆ ಪರಿಚಯವಾಗಿ ಅವರು ನಮ್ಮನ್ನು ಮುಟ್ಟುತ್ತಾರೆಂದು ಸಾಲಾಗಿ ತೋರಿಸುತ್ತಿತ್ತು. ಆಗಿನ್ನೂ ಸ್ಕ್ರ್ಯಾಪ್ ಪುಸ್ತಕ ಬೀದಿಜಗಲಿಯಿದ್ದಂತೆ, ಯಾರು ಬೇಕಾದರೂ ಓದಬಹುದಿತ್ತು. ಹೆಂಗಸಿನ ಹೆಸರು ಕಂಡರೆ ಸಾಕು, ಗುರುತಿಲ್ಲದ ಹುಡುಗರು ಸ್ನೇಹ ಕೇಳಿಕೊಂಡು ಬರುವುದು ಆ ಕಾಲದ ದೊಡ್ಡ ಹಾಸ್ಯ, ಅಷ್ಟೇ ದೊಡ್ಡ ಕಿರುಕುಳ. ಅದಕ್ಕೇ ಎಷ್ಟೋ ಹೆಣ್ಣುಮಕ್ಕಳು ಅಲ್ಲಿ ತಮ್ಮ ಮುಖದ ಬದಲು ಗುಲಾಬಿ ಹೂವಿನ ಚಿತ್ರ ಹಾಕುತ್ತಿದ್ದರು. ಬೀಗ ಹಾಕಿಕೊಳ್ಳುವ ಅನುಕೂಲ ಆಮೇಲೆ ಬಂತು.

ಕನ್ನಡದಲ್ಲಿ ಟೈಪ್ ಮಾಡಲು 1998ರಲ್ಲೇ 'ಬರಹ' ಬಂದಿತ್ತಾದರೂ ಕೆಫೆಯ ಯಂತ್ರದಲ್ಲಿ ಅದು ಇರಲಿಲ್ಲ. ಇಂಗ್ಲಿಷ್ ಅಕ್ಷರಗಳಲ್ಲೇ ಕನ್ನಡ ಕುಟ್ಟಿದೆ. ಓದಿದವರಿಗೆ ಅರ್ಥವಾಯಿತು, ಅಷ್ಟು ಸಾಕಿತ್ತು. ಮೊದಲ ತಿಂಗಳು ಯಾರೂ ಬರಲಿಲ್ಲ. ಹೊಸ ಬಾಡಿಗೆಮನೆಗೆ ಹೋದಾಗ ಕುಂಕುಮದ ಬಟ್ಟಲು ಹಿಡಿದು ನಾವೇ ನಾಲ್ಕು ಮನೆಗೆ ಹೋಗಿ ಕರೆಯುವುದಿಲ್ಲವೇ? ಹಾಗೆಯೇ ಹೊರಟೆ. ನಮ್ಮೂರಿನ ಹೆಸರಿನ ಕೂಟಕ್ಕೆ ಸೇರಿದೆ. ಅಲ್ಲಿ ಬರೆದವರ ಪುಟಕ್ಕೆ ಹೋಗಿ, "ನಾನು ಇಂಥ ವರ್ಷ, ಇಂಥ ಮೇಷ್ಟರ ಕ್ಲಾಸಿನಲ್ಲಿದ್ದವಳು, ನೀವು ಯಾರ ಮನೆಯವರು?" ಎಂದು ಬರೆದೆ. ಸುಮ್ಮನೆ 'ಹಾಯ್' ಅಂದರೆ ಯಾರೂ ಉತ್ತರಿಸುವುದಿಲ್ಲ. ಗುರುತು ಹೇಳಿದರೆ ಬಾಗಿಲು ತೆರೆಯುತ್ತದೆ.

ನಾನು ಮುಖ್ಯವಾಗಿ ಹುಡುಕುತ್ತಿದ್ದದ್ದು ಒಬ್ಬಳನ್ನು. ಲೆಕ್ಕದಲ್ಲಿ ಇಡೀ ತರಗತಿಗೇ ಮೊದಲಿಗಳು. ಪಿಯುಸಿ ಮುಗಿಯುವ ಮೊದಲೇ ಮದುವೆ ಮಾಡಿಬಿಟ್ಟರು. ಎರಡು ಇನ್‌ಲ್ಯಾಂಡ್ ಪತ್ರ ಬಂದವು, ಮೂರನೆಯದು ಬರಲಿಲ್ಲ. ಆರ್ಕುಟ್ಟಿನಲ್ಲಿ ಅವಳ ಹೆಸರು ಎಷ್ಟು ಬರೆದರೂ ಸಿಗಲಿಲ್ಲ. ಕಡೆಗೆ ಉತ್ತರ ಕೊಟ್ಟವಳು ನಮಗಿಂತ ಎರಡು ವರ್ಷ ಕಿರಿಯಳಾದ, ಪುಣೆಯಲ್ಲಿದ್ದ ಒಬ್ಬಾಕೆ. ಅವಳ ಅಕ್ಕನಿಗೆ ನನ್ನ ಗೆಳತಿಯ ಅತ್ತಿಗೆಯ ಪರಿಚಯವಿತ್ತು. ಅತ್ತಿಗೆಯಿಂದ ಒಂದು ಲ್ಯಾಂಡ್‌ಲೈನ್ ನಂಬರು ಬಂತು. ನಡುವೆ ಮೂರೇ ಜನ. ಮಿಲ್‌ಗ್ರಾಮ್‌ನ ಲೆಕ್ಕಕ್ಕಿಂತ ಎರಡು ಕಡಿಮೆ!

ಅವಳು ಹರಿಹರದಲ್ಲಿದ್ದಳು. ನಮ್ಮವರಿಗೆ ವರ್ಗವಾಗಿ ನಾವು 1988ರಿಂದ ಮೂರು ವರ್ಷ ದಾವಣಗೆರೆಯಲ್ಲಿದ್ದೆವು. ಎರಡು ಊರಿಗೂ ನಡುವೆ ಹದಿನೈದು ಕಿಲೋಮೀಟರೂ ಇಲ್ಲ. ಬಹುಶಃ ಒಂದೇ ಬಸ್ಸಿನಲ್ಲಿ ಎಷ್ಟೋ ಸಲ ಓಡಾಡಿದ್ದೆವೇನೋ! ಹೆಸರಿನಿಂದ ಅವಳು ಸಿಗದಿದ್ದಕ್ಕೆ ಕಾರಣವೂ ತಿಳಿಯಿತು. ಧಾರೆಯ ದಿನ ಅವಳ ಹೆಸರು ಬದಲಾಗಿತ್ತು. ಫೋನಿನಲ್ಲಿ ನಾನು ಹಳೆಯ ಹೆಸರು ಹಿಡಿದು ಕರೆದಾಗ ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, "ಆ ಹೆಸರಿನಲ್ಲಿ ನನ್ನನ್ನು ಕರೆಯೋರು ಈಗ ಯಾರೂ ಉಳಿದಿಲ್ಲ ಕಣೇ" ಅಂದಳು. ಅವಳ ತಾಯಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಗಂಡನ ಅಂಗಡಿಯ ಲೆಕ್ಕವನ್ನೆಲ್ಲ ಅವಳೇ ಬರೆಯುತ್ತಾಳೆಂದು ಕೇಳಿ ನನಗೆ ಸಮಾಧಾನವೂ ಆಯಿತು, ಸಂಕಟವೂ ಆಯಿತು.

ಆರ್ಕುಟ್ ಬಹಳ ಕಾಲ ಉಳಿಯಲಿಲ್ಲ. ಜನ ಫೇಸ್‌ಬುಕ್ಕಿಗೆ ಹೋದರು. 2014ರ ಜೂನ್ 30ರಂದು ಮುಚ್ಚುವ ಪ್ರಕಟಣೆ ಬಂತು, ಸೆಪ್ಟೆಂಬರ್ 30ಕ್ಕೆ ಮುಚ್ಚಿತು. ನಡುವಿನ ಮೂರು ತಿಂಗಳಲ್ಲಿ ನಾನು ಒಂದು ನೋಟ್‌ಬುಕ್ ಇಟ್ಟುಕೊಂಡು ಕೂತೆ. ನಮ್ಮ ಶಾಲೆಯವರಲ್ಲಿ ಸಿಕ್ಕವರಿಗೆಲ್ಲ ಬರೆದು ಫೋನ್ ನಂಬರು ಕೇಳಿದೆ. 31 ನಂಬರುಗಳು ಬಂದವು. ಉಳಿದವರು ಅತ್ತ ಸುಳಿಯುವುದನ್ನು ಬಿಟ್ಟು ಆಗಲೇ ಎಷ್ಟೋ ಕಾಲವಾಗಿತ್ತು. ಆ 31 ಜನರೇ ನಂತರ ನಮ್ಮ ವಾಟ್ಸಾಪ್ ಗುಂಪಾದರು. ಜಾಲತಾಣವೆಂದರೆ ಬೇರೆಯವರು ಕಟ್ಟಿದ ಛತ್ರ. ಊಟ ಹಾಕುತ್ತಾರೆ, ಮಲಗಲು ಜಾಗ ಕೊಡುತ್ತಾರೆ; ಒಂದು ದಿನ ಬೀಗವನ್ನೂ ಹಾಕುತ್ತಾರೆ. ಅಲ್ಲಿ ಸಿಕ್ಕವರನ್ನು ಮನೆಗೆ ಕರೆದುಕೊಂಡು ಬರುವ ಕೆಲಸ ನಮ್ಮದು.

ಈಗಲೂ ಮಕ್ಕಳು ಕೊಡಿಸಿದ ಫೋನ್ ಹಿಡಿದು, "ಇದರಲ್ಲಿ ಮೊದಲು ಏನು ಮಾಡಬೇಕು?" ಎಂದು ಕೇಳುವ ನೆರೆಹೊರೆಯವರಿದ್ದಾರೆ. ಫೋಟೊ ಆಮೇಲೆ ಹಾಕೋಣ ಅನ್ನುತ್ತೇನೆ. ಮೊದಲು ತವರಿನ ಹೆಸರು ಬರೆಯಿರಿ, ಓದಿದ ಶಾಲೆ ಬರೆಯಿರಿ, ಮದುವೆಯಲ್ಲಿ ಹೆಸರು ಬದಲಾಗಿದ್ದರೆ ಹಳೆಯದನ್ನೂ ಬರೆಯಿರಿ. ಗುರುತಿಲ್ಲದವರನ್ನು ಒಳಗೆ ಬಿಟ್ಟುಕೊಳ್ಳಬೇಡಿ, ಗುರುತಿದ್ದವರಿಗೆ ನೀವೇ ಮೊದಲು ಬರೆಯಿರಿ. ನಮ್ಮನ್ನು ಹುಡುಕುವವರು ಎಲ್ಲೋ ಇದ್ದೇ ಇರುತ್ತಾರೆ. ಯಾವ ಹೆಸರು ಹಿಡಿದು ಹುಡುಕಬೇಕೆಂದು ಅವರಿಗೆ ತಿಳಿದರೆ ಸಾಕು.