ಸಾನಮಾವಿನ ಸುತ್ತಿನ ನೋಡತಕ್ಕ ಸ್ಥಳಗಳು: ಹೆಸರು ಮತ್ತು ಕಲ್ಲುಗಳ ಸಾಕ್ಷ್ಯ

ಕೃಷ್ಣಗಿರಿ ಜಿಲ್ಲೆಯ ಪ್ರೇಕ್ಷಣೀಯ ಸ್ಥಳಗಳಾವುವು ಎಂದು ಕೇಳಿದರೆ ಬರತಕ್ಕ ಉತ್ತರ ನಮಗೆಲ್ಲ ಬಾಯಿಪಾಠವಾಗಿದೆ. ಕೃಷ್ಣಗಿರಿಯ ಅಣೆಕಟ್ಟು, ಹೊಸೂರಿನ ಚಂದ್ರಚೂಡೇಶ್ವರನ ಬೆಟ್ಟ, ರಾಯಕೋಟೆಯ ದುರ್ಗ, ತೊರಪಳ್ಳಿಯಲ್ಲಿ ರಾಜಾಜಿಯವರು ಹುಟ್ಟಿದ ಮನೆ; ಸಾಲದಿದ್ದರೆ ನೆರೆಯ ಧರ್ಮಪುರಿ ಜಿಲ್ಲೆಯ ಹೊಗೇನಕಲ್ಲು. ಶಾಲೆಗಳ ಪ್ರವಾಸದ ಬಸ್ಸುಗಳು ಇದೇ ದಾರಿಯಲ್ಲಿ ಹೋಗಿ ಇದೇ ದಾರಿಯಲ್ಲಿ ಬರುತ್ತವೆ. ಇವು ನೋಡತಕ್ಕವಲ್ಲವೆಂದು ನಾವು ಹೇಳುವವರಲ್ಲ. ಆದರೆ ಬಸ್ಸು ನಿಲ್ಲದೆ ದಾಟಿಹೋಗುವ ಹೊಲ, ಗುಡ್ಡ, ಕೆರೆಯ ಏರಿಗಳಲ್ಲಿ ಈ ಸೀಮೆಯ ಚರಿತ್ರೆಯ ಹೆಚ್ಚಿನ ಪಾಲು ಉಳಿದುಕೊಂಡಿದೆ. ಅದನ್ನು ನೋಡಲು ಚೀಟಿ ಕೊಳ್ಳಬೇಕಾಗಿಲ್ಲ. ಕನ್ನಡ, ತಮಿಳು ಎರಡೂ ಬಲ್ಲ ಕಣ್ಣು ಬೇಕು. ಅಂಥ ಕಣ್ಣುಳ್ಳವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿರುವುದರಿಂದಲೇ ಈ ಲೇಖನವನ್ನು ಬರೆಯಬೇಕಾಯಿತು.

ಸಾನಮಾವನ್ನೇ ಮೊದಲು ತೆಗೆದುಕೊಳ್ಳೋಣ. ಹೊಸೂರಿನಿಂದ ರಾಯಕೋಟೆಯ ಕಡೆಗೆ ಹೋಗುವವರಿಗೆ ಈ ಹೆಸರು ಊರಿಗಿಂತ ಹೆಚ್ಚಾಗಿ ಕಾಡಿನಿಂದ ಪರಿಚಿತ. ಹೆಸರಿನ ಕೊನೆಯ ಮಾವು ಬೆಂಗಳೂರಿನ ದಕ್ಷಿಣಕ್ಕಿರುವ ಹುಳಿಮಾವಿನಲ್ಲಿಯೂ ಉಂಟು. ಕೃಷ್ಣಗಿರಿಯ ಮಾವಿನ ತೋಪುಗಳ ಸೀಮೆಯಲ್ಲಿ ಇಂಥ ಹೆಸರು ಇರುವುದು ಸಹಜವೇ. ಇಲ್ಲಿನ ಮೀಸಲು ಅರಣ್ಯ ದೊಡ್ಡದಲ್ಲ. ಆದರೂ ಪ್ರತಿವರ್ಷ ರಾಗಿಯ ತೆನೆ ಬಲಿಯುವ ಹೊತ್ತಿಗೆ, ಅಕ್ಟೋಬರ್ ನವೆಂಬರ್ ತಿಂಗಳುಗಳಲ್ಲಿ, ಕಾವೇರಿ ಕಣಿವೆಯ ಕಾಡುಗಳಿಂದ ಹೊರಟ ಆನೆಗಳ ಹಿಂಡುಗಳು ಜವಳಗಿರಿ, ತಳಿ, ದೇಂಕಣಿಕೋಟೆಗಳ ಕಾಡುಗಳನ್ನು ಹಾಯ್ದು ಸಾನಮಾವನ್ನು ಸೇರುತ್ತವೆ. ಹಗಲೆಲ್ಲ ಕಾಡಿನಲ್ಲಿ ನಿಂತು, ಕತ್ತಲಾದ ಮೇಲೆ ಹೊಲಗಳಿಗೆ ಇಳಿಯುತ್ತವೆ. ನೋಡುವವರಿಗೆ ಅದು ಬೆರಗು. ಅಟ್ಟಣೆಯ ಮೇಲೆ ತಮಟೆ ಹಿಡಿದು ಕುಳಿತ ರೈತನಿಗೆ ಅದು ಆರು ತಿಂಗಳ ದುಡಿಮೆ ಒಂದು ರಾತ್ರಿಯಲ್ಲಿ ಮಣ್ಣಾಗುವ ಸಂಕಟ. ಪ್ರವಾಸಿಗಳು ಆನೆಯನ್ನು ನೋಡಲೆಂದು ಈ ದಾರಿಯಲ್ಲಿ ಗುಂಪುಗೂಡುವುದನ್ನು ನಾವು ಸ್ವಲ್ಪವೂ ಒಪ್ಪುವುದಿಲ್ಲ. ಹೊಸೂರಿನ ಕೈಗಾರಿಕೆ, ಹೆದ್ದಾರಿ, ಹೊಸ ಬಡಾವಣೆಗಳ ನಡುವೆ ಆ ಪ್ರಾಣಿಗಳಿಗೆ ಉಳಿದಿರುವ ದಾರಿಯೇ ಕಿರಿದು. ಕಾವೇರಿ ಉತ್ತರ ವನ್ಯಜೀವಿಧಾಮವೆಂದು 2014ರಲ್ಲಿ ಘೋಷಿತವಾದ ಕಾಡು ಅವುಗಳ ಮನೆ. ಸಾನಮಾವು ಅವುಗಳ ತಂಗುದಾಣ.

ಈ ಸೀಮೆಯ ಊರ ಹೆಸರುಗಳು ತಾವೇ ಒಂದು ಶಾಸನಸಂಗ್ರಹದಂತಿವೆ. ಹೊಸೂರು ಎಂಬುದು ಹೊಸ ಊರು. ಹಳೆಯ ತಮಿಳು ಶಾಸನಗಳು ಅದನ್ನು ಸೆವಿಡಪಾಡಿ ಎನ್ನುತ್ತವೆ. ಸುತ್ತಲಿನ ಸೀಮೆಗೆ ಮುರಸುನಾಡೆಂದು ಹೆಸರು. ಮೊರಸು ಒಕ್ಕಲಿಗರ ಹೆಸರಿನಲ್ಲಿ ಅದು ಇಂದಿಗೂ ಬದುಕಿದೆ. ದೇಂಕಣಿಕೋಟೆಯ ದೇವರು ಬೇಟರಾಯಸ್ವಾಮಿ, ಬೇಟೆಗಾರನಾಗಿ ಬಂದ ವಿಷ್ಣು. ಹೊಗೇನಕಲ್ಲಿನಲ್ಲಿ ಕಾವೇರಿ ಬೀಳುವಾಗ ಏಳುವ ತುಂತುರು ಹೊಗೆಯಾಗಿಯೂ ಅದರ ಕೆಳಗಿನದು ಕಲ್ಲಾಗಿಯೂ ಕನ್ನಡ ಬಲ್ಲವನಿಗೆ ಮಾತ್ರ ಹೆಸರಿನಲ್ಲಿಯೇ ಕಾಣುತ್ತವೆ. ಹೆಸರು ಲಿಪಿಯಿಂದ ಲಿಪಿಗೆ ಹೋಗುವಾಗ ಅರ್ಥ ಜಾರುವುದೂ ಉಂಟು. ಮಲ್ಲಚಂದಿರಂ ಎಂದು ಈಗ ಬರೆಯುವ ಊರು ನಮ್ಮ ಎಣಿಕೆಯಲ್ಲಿ ಮಲ್ಲಸಂದ್ರವೇ ಸರಿ. ಸಂದ್ರವೆಂದರೆ ಸಮುದ್ರ, ಅಂದರೆ ದೊಡ್ಡ ಕೆರೆ. ಬೆಂಗಳೂರು ಕೋಲಾರ ಸೀಮೆಗಳಲ್ಲಿ ಇಂಥ ಸಂದ್ರಗಳು ಹೇರಳವಾಗಿವೆ. ಬರೆಯುವವನ ಕೈಯಲ್ಲಿ ಕೆರೆ ಹೋಗಿ ಚಂದ್ರ ಬಂದಿದ್ದಾನೆ, ಅಷ್ಟೆ.

ತಳಿಯ ವಿಷಯದಲ್ಲಿ ಒಂದು ಮಾತು. ಪ್ರವಾಸದ ಕರಪತ್ರಗಳು ಅದನ್ನು ಲಿಟ್ಲ್ ಇಂಗ್ಲೆಂಡ್ ಎಂದು ಕೊಂಡಾಡುತ್ತವೆ. ರಾಬರ್ಟ್ ಕ್ಲೈವನು ಕೊಟ್ಟ ಬಿರುದೆಂದು ಕೂಡ ಸೇರಿಸುತ್ತವೆ. ಕ್ಲೈವನು ಭಾರತವನ್ನು ಕಡೆಯ ಸಾರಿ ಬಿಟ್ಟದ್ದು 1767ರಲ್ಲಿ. ಹೊಸೂರು ಸೀಮೆ ಕಂಪೆನಿಯ ಕೈಸೇರಿದ್ದು ಟಿಪ್ಪುವಿನ ಪತನವಾದ 1799ರಲ್ಲಿ. ಆ ವರ್ಷ ಮದರಾಸಿನ ಗವರ್ನರನಾಗಿದ್ದವನು ಅವನ ಮಗ ಎಡ್ವರ್ಡ್ ಕ್ಲೈವ್. ತಂದೆ ಮಕ್ಕಳನ್ನು ಯಾರೋ ಒಂದು ಮಾಡಿದಂತೆ ತೋರುತ್ತದೆ. ತಳಿಯ ತಂಪುಗಾಳಿಗೆ ಕ್ಲೈವನ ಶಿಫಾರಸು ಬೇಕಾಗಿಲ್ಲ.

ಮಲ್ಲಸಂದ್ರದ ಗುಡ್ಡ ಈ ಜಿಲ್ಲೆಯಲ್ಲಿ ಎಲ್ಲಕ್ಕಿಂತ ಮೊದಲು ನೋಡತಕ್ಕ ಸ್ಥಳ. ಅಲ್ಲಿ ಬೃಹತ್ ಶಿಲಾಯುಗದ ಕಲ್ಮನೆಗಳು ಗುಂಪುಗುಂಪಾಗಿ ನಿಂತಿವೆ. ನಿಲ್ಲಿಸಿದ ಚಪ್ಪಡಿಗಳ ಮೇಲೆ ಒಂದು ಹಾಸುಗಲ್ಲು. ಒಂದು ಪಕ್ಕದ ಚಪ್ಪಡಿಯಲ್ಲಿ ಗುಂಡಾಗಿ ಕೊರೆದ ರಂಧ್ರ. ಕೆಲವುದರ ಒಳಮೈಯಲ್ಲಿ ಬಿಳಿಯ ಬಣ್ಣದ ಚಿತ್ರಗಳಿವೆ. ಸತ್ತವರಿಗಾಗಿ ಕಟ್ಟಿದ ಈ ಮನೆಗಳನ್ನು ಕನ್ನಡ ನಾಡಿನ ಜನ ಮೋರಿಯರ ಮನೆ ಎಂತಲೂ ಪಾಂಡವರ ಮನೆ ಎಂತಲೂ ಕರೆಯುವುದು ವಾಚಕರಿಗೆ ತಿಳಿದದ್ದೇ. ಇದೇ ಜಿಲ್ಲೆಯ ಮಯಿಲಾಡುಂಪಾರೆ, ಅಂದರೆ ನವಿಲಾಡುವ ಬಂಡೆ, ಈಚೆಗೆ ಎಲ್ಲರ ಬಾಯಿಗೆ ಬಂದಿದೆ. ಅಲ್ಲಿನ ಅಗೆತದಲ್ಲಿ ದೊರೆತ ಕಬ್ಬಿಣದ ಕಾಲ ಕ್ರಿ.ಪೂ. 2172ರಷ್ಟು ಹಿಂದಕ್ಕೆ ಹೋಗುತ್ತದೆಂದು ತಮಿಳುನಾಡು ಸರ್ಕಾರ 2022ರ ಮೇ ತಿಂಗಳಿನಲ್ಲಿ ಪ್ರಕಟಿಸಿತು. ದಕ್ಷಿಣದಲ್ಲಿ ಕಬ್ಬಿಣದ ಬಳಕೆಯನ್ನು ಕುರಿತು ಪಾಠಪುಸ್ತಕಗಳಲ್ಲಿ ನಾವು ಹೇಳಿಕೊಡುತ್ತಿದ್ದ ಕಾಲಗಣನೆಯನ್ನು ಅದು ಅಲುಗಿಸಿದೆ.

ಇನ್ನು ವೀರಗಲ್ಲುಗಳು. ಕೃಷ್ಣಗಿರಿ, ಧರ್ಮಪುರಿ ಎರಡು ಜಿಲ್ಲೆಗಳೂ ಇವುಗಳಿಗೆ ಹೆಸರಾಗಿವೆ. ಗಂಗರು, ಬಾಣರು, ನೊಳಂಬರು ಈ ನೆಲಕ್ಕಾಗಿ ಹೊಡೆದಾಡಿದ ಶತಮಾನಗಳಲ್ಲಿ ತುರುಗಳನ್ನು ಬಿಡಿಸಲು ಹೋಗಿ ಸತ್ತವರು, ಊರಳಿವಿನಲ್ಲಿ ಬಿದ್ದವರು, ಹುಲಿಯೊಡನೆ ಹೋರಾಡಿ ಮಡಿದವರು ಕಲ್ಲಾಗಿ ನಿಂತರು. ನೊಳಂಬ ಮಹೇಂದ್ರಾಧಿರಾಜನ ಕನ್ನಡ ಶಾಸನಗಳು ಧರ್ಮಪುರಿಯಲ್ಲಿ ದೊರೆತಿವೆ. ಒಂಬತ್ತನೆಯ ಶತಮಾನದ ಕೊನೆಯಲ್ಲಿ ತಗಡೂರಿನವರೆಗೆ ಕನ್ನಡ ಅರಸೊತ್ತಿಗೆಯ ಭಾಷೆಯಾಗಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಅದೇ ಸೀಮೆಯಲ್ಲಿ ಅದಕ್ಕೂ ಹಿಂದಿನ ವಟ್ಟೆಳುತ್ತಿನ ತಮಿಳು ವೀರಗಲ್ಲುಗಳೂ ಇವೆಯೆಂಬುದನ್ನು ಮರೆಯತಕ್ಕದ್ದಲ್ಲ. ಹುಲಿಯ ಎದೆಗೆ ಕತ್ತಿ ತಿವಿಯುತ್ತಿರುವವನ ಕಲ್ಲಿನ ಮುಂದೆ ಮಕ್ಕಳನ್ನು ನಿಲ್ಲಿಸಿ, ಸಾನಮಾವಿನ ರಾಗಿಹೊಲದಲ್ಲಿ ಇಂದಿಗೂ ರಾತ್ರಿ ಎಚ್ಚರವಿರುವವರನ್ನು ನೆನಪಿಸಿದರೆ, ಪಾಠ ತಾನಾಗಿ ಹತ್ತುತ್ತದೆ. ಮಾಸ್ತಿಕಲ್ಲುಗಳೂ ಬೇಕಾದಷ್ಟಿವೆ: ಬಳೆ ತೊಟ್ಟು ಮೇಲೆತ್ತಿದ ಒಂದು ಕೈ, ಅದರ ಪಕ್ಕದಲ್ಲಿ ಗಂಡಹೆಂಡಿರು. ಬಾಗಲೂರಿನ ಆಚೆ ಗಡಿ ದಾಟಿದರೆ ಸಿಗುವ ಮಾಸ್ತಿ ಗ್ರಾಮ ಹೆಸರನ್ನೇ ಈ ಮಾತಿನಿಂದ ಪಡೆದದ್ದು; ಆ ಊರಿನ ಹೆಸರು ಹೊತ್ತ ಮಹನೀಯರ ಮೂಲಕ ಆ ಹೆಸರು ಕನ್ನಡಿಗರೆಲ್ಲರ ಮನೆಯದಾಯಿತು.

ಕಲ್ಲುಗಳ ಇಂದಿನ ಸ್ಥಿತಿ ಮಾತ್ರ ಹೇಳಿಕೊಳ್ಳುವಂತಿಲ್ಲ. ಪೂಜೆಗೊಳ್ಳುತ್ತಿರುವವು ಒಂದು ಬಗೆಯಲ್ಲಿ ಪುಣ್ಯ ಮಾಡಿದವು; ತಮಿಳರು ವೇಡಿಯಪ್ಪನೆಂದು ಪೊಂಗಲಿಟ್ಟು ನಡೆದುಕೊಳ್ಳುವ ಕಲ್ಲು ಎಣ್ಣೆ ಅರಿಶಿನಗಳಲ್ಲಿ ಮುಳುಗಿ ಅಕ್ಷರ ಕಾಣದಿದ್ದರೂ ನೆಲೆಯಲ್ಲಿ ನಿಂತಿದೆ. ಪೂಜೆ ನಿಂತುಹೋದ ಕಲ್ಲು ಬಟ್ಟೆ ಒಗೆಯುವ ಬಂಡೆಯಾಗುತ್ತದೆ, ಕಾಲುವೆಗೆ ಅಡ್ಡ ಹಾಸಾಗುತ್ತದೆ, ರಸ್ತೆ ಅಗಲಿಸುವಾಗ ಮಣ್ಣಿನೊಂದಿಗೆ ಹೋಗುತ್ತದೆ. ಗ್ರಾನೈಟಿನ ಗಣಿಗಳು ತಿನ್ನುತ್ತಿರುವ ಗುಡ್ಡಗಳಲ್ಲಿ ಇನ್ನೇನಿತ್ತೋ ಹೇಳುವವರಿಲ್ಲ. ಇದು ನಮ್ಮ ಸೀಮೆಗೆ ಮಾತ್ರ ಬಂದ ಕೇಡಲ್ಲ. ಕಾಂಬೋಡಿಯ ದೇಶದ ವಾಯವ್ಯದಲ್ಲಿ, ಥಾಯ್ ಗಡಿಯ ಹತ್ತಿರ, ಬಂತೇ ಚ್ಮಾರ್ ಎಂಬ ಹಳ್ಳಿಗಾಡಿನ ದೊಡ್ಡ ದೇವಾಲಯವೊಂದಿದೆ. ಹನ್ನೆರಡನೆಯ ಶತಮಾನದ ಕೊನೆಯ ಹೊತ್ತಿನ ಏಳನೆಯ ಜಯವರ್ಮನ ಕಾಲದ್ದು. ಅದರ ಗೋಡೆಯ ಶಿಲ್ಪಗಳನ್ನು ಕಿತ್ತು ಲಾರಿಯಲ್ಲಿ ಸಾಗಿಸುತ್ತಿದ್ದಾಗ 1999ರಲ್ಲಿ ಥಾಯ್ಲೆಂಡಿನ ಪೊಲೀಸರು ಹಿಡಿದರು. ನಂತರದ ವರ್ಷಗಳಲ್ಲಿ ಆ ಊರಿನವರೇ ಸೇರಿಕೊಂಡು ನೋಡಬಂದವರನ್ನು ತಮ್ಮ ಮನೆಗಳಲ್ಲಿ ಇಳಿಸಿಕೊಂಡು, ತಾವೇ ದಾರಿ ತೋರಿಸುವ ಏರ್ಪಾಟು ಮಾಡಿಕೊಂಡಿದ್ದಾರೆ. ಗಡಿನಾಡಿನ ಕಲ್ಲಿಗೆ ಊರವರ ಕಣ್ಣಿಗಿಂತ ಬೇರೆ ಕಾವಲಿಲ್ಲವೆಂಬುದನ್ನು ಅವರು ನಷ್ಟ ಅನುಭವಿಸಿ ಕಲಿತರು.

ಕುಂದಾಣಿಯ ವಿಷಯವನ್ನು ಸ್ವಲ್ಪ ವಿಸ್ತರಿಸಬೇಕು, ಏಕೆಂದರೆ ಕರಪತ್ರಗಳಲ್ಲಿ ಅದರ ಸುದ್ದಿಯೇ ಇಲ್ಲ. ಹೊಯ್ಸಳ ಸೋಮೇಶ್ವರನು 1254ರ ಹೊತ್ತಿಗೆ ರಾಜ್ಯವನ್ನು ಮಕ್ಕಳಿಬ್ಬರಿಗೆ ಹಂಚಿದನು. ದೋರಸಮುದ್ರ ಮೂರನೆಯ ನರಸಿಂಹನಿಗೆ, ಶ್ರೀರಂಗದ ಬಳಿಯ ಕಣ್ಣನೂರು ಸಹಿತ ತಮಿಳು ಭಾಗ ರಾಮನಾಥನಿಗೆ. ಪಾಂಡ್ಯರ ಒತ್ತಡಕ್ಕೆ ಕಣ್ಣನೂರು ಉಳಿಯಲಿಲ್ಲ. ರಾಮನಾಥನು ಮೇಲುನಾಡಿಗೆ ಸರಿದು ಕುಂದಾಣಿಯಲ್ಲಿ ನೆಲೆಸಿದನು. ಅದು ಇಂದಿನ ಕೃಷ್ಣಗಿರಿ ಜಿಲ್ಲೆಯ ಚಿನ್ನಕೊತ್ತೂರಿನ ಕಡೆಯ ಕುಂದಾಣಿ. ದೇವನಹಳ್ಳಿಯ ಹತ್ತಿರದ ಕುಂದಾಣವೇ ಆ ರಾಜಧಾನಿಯೆಂದು ಹೇಳುವವರೂ ಉಂಟು. ಹೊಸೂರು ಕೃಷ್ಣಗಿರಿಗಳ ಸುತ್ತ ಹರಡಿರುವ ಅವನ ಶಾಸನಗಳನ್ನು ನೋಡಿದರೆ ನಮ್ಮ ಒಲವು ಇತ್ತ ಕಡೆಗೇ. ರಾಮನಾಥನು 1295ರಲ್ಲಿ ತೀರಿಕೊಂಡನು, ಅವನ ಮಗ ವಿಶ್ವನಾಥನೂ ಬಹುಕಾಲ ಬಾಳಲಿಲ್ಲ, ಮೂರನೆಯ ಬಲ್ಲಾಳನು ಎರಡು ಭಾಗಗಳನ್ನೂ ಮತ್ತೆ ಒಂದುಗೂಡಿಸಿದನು. ಹಾಗೆ ಕೈಗೆ ಬಂದ ನಾಡಿನ ದೇವಾಲಯ, ಮಠಗಳ ತೆರಿಗೆಗಳನ್ನು ಬಿಟ್ಟುಕೊಟ್ಟು ಬಲ್ಲಾಳನು 1301ರಲ್ಲಿ ಹೊರಡಿಸಿದ ಆಜ್ಞೆಯಲ್ಲಿ ಕುಂದಾಣಿ ರಾಜ್ಯ, ಮುರಸುನಾಡು, ಕುವಳಾಲನಾಡು, ಪೆಣ್ಣೆಯಾಂಡಾರ್ ಮಠದ ನಾಡು ಮುಂತಾದ ಹೆಸರುಗಳು ಸಾಲಾಗಿ ಬರುತ್ತವೆ. ಕಾವೇರಿಪಟ್ಟಣದ ಬಳಿ ದಕ್ಷಿಣ ಪಿನಾಕಿನಿಯ ದಡದಲ್ಲಿರುವ ಪೆಣ್ಣೇಶ್ವರಮಠ ಆ ಕೊನೆಯ ಹೆಸರನ್ನು ಇಂದೂ ಉಳಿಸಿಕೊಂಡಿದೆ. ಆಜ್ಞೆಯ ಪ್ರತಿಗಳನ್ನು ಅನೇಕ ದೇವಾಲಯಗಳಲ್ಲಿ ಕೊರೆಯಿಸಿದ್ದಾರೆ. ಅದರ ಭಾಷೆ ತಮಿಳು. ಕನ್ನಡದ ಅರಸು, ತಮಿಳಿನ ಶಾಸನ! ಭಾಷೆಯ ಹೆಸರಿನಲ್ಲಿ ನೆಲವನ್ನು ತಕ್ಕಡಿಗೆ ಹಾಕುವವರು ಇತ್ತ ಕಡೆಯವರಾಗಲಿ ಅತ್ತ ಕಡೆಯವರಾಗಲಿ, ಈ ಶಾಸನವನ್ನು ಒಮ್ಮೆ ಓದಿದರೆ ಒಳ್ಳೆಯದು.

ತಳಿಯಿಂದ ಗುಮ್ಮಳಾಪುರಕ್ಕೆ ಹೋಗತಕ್ಕವರು ಸಾಹಿತ್ಯಾಭ್ಯಾಸಿಗಳು. ಶೂನ್ಯಸಂಪಾದನೆಯ ನಾಲ್ಕು ಸಂಕಲನಗಳಲ್ಲಿ ಮೂರನೆಯದು ಹದಿನಾರನೆಯ ಶತಮಾನದ ಗುಮ್ಮಳಾಪುರದ ಸಿದ್ಧಲಿಂಗಯತಿಗಳದೆಂಬುದನ್ನು ಕನ್ನಡ ಎಂ.ಎ. ತರಗತಿಯಲ್ಲಿ ಓದಿದವರೆಲ್ಲ ಬಲ್ಲರು. ಆ ಗುಮ್ಮಳಾಪುರ ನಮ್ಮ ದೇಂಕಣಿಕೋಟೆ ತಾಲ್ಲೂಕಿನದೆಂಬುದನ್ನು ಬಲ್ಲವರು ಎಷ್ಟು ಮಂದಿ? ಅನುಭವಮಂಟಪದ ಸಂವಾದವನ್ನು ಕಟ್ಟಿಕೊಟ್ಟ ಗ್ರಂಥಗಳಲ್ಲೊಂದು ಇಂದು ತಮಿಳುನಾಡಿಗೆ ಸೇರಿದ ಒಂದು ಹಳ್ಳಿಯ ಹೆಸರನ್ನು ಹೊತ್ತುಕೊಂಡಿದೆ. ಕಲ್ಯಾಣವನ್ನು ನೋಡಲು ನೂರಾರು ಮೈಲಿ ಹೋಗುವ ನಾವು ಗುಮ್ಮಳಾಪುರಕ್ಕೆ ಹೋಗದಿರುವುದು ಸೋಜಿಗ.

ಕೋಟೆಗಳ ಕಥೆ ಎಲ್ಲರೂ ಬರೆದದ್ದು. ಎರಡು ಮಾತು ಸಾಕು. ಪೆನುಗೊಂಡೆಯನ್ನು ಕಾಪಾಡಿದ ಜಗದೇವರಾಯನಿಗೆ ಬಾರಾಮಹಲು ಉಂಬಳಿಯಾಗಿ ಬಂದಿತು; ಅವನ ಮನೆತನ ಮುಂದೆ ಚನ್ನಪಟ್ಟಣದಲ್ಲಿ ನೆಲೆಸಿತು. ಮೊದಲನೆಯ ಮೈಸೂರು ಯುದ್ಧದಲ್ಲಿ, 1768ರಲ್ಲಿ, ಹೊಸೂರಿನ ಸಹಾಯಕ್ಕೆ ಹೊರಟ ಕರ್ನಲ್ ವುಡ್ ಬಾಗಲೂರಿನಲ್ಲಿ ಬಿಟ್ಟುಹೋದ ತೋಪುಗಳನ್ನೂ ಸಾಮಾನನ್ನೂ ಹೈದರನು ಹೊತ್ತುಕೊಂಡು ಹೋದನು. 1791ರ ಜುಲೈಯಲ್ಲಿ ಹೊಸೂರು, ರಾಯಕೋಟೆಗಳು ಇಂಗ್ಲಿಷರ ಕೈಗೆ ಬಿದ್ದುವು. ಆದರೆ ಅದೇ ನವೆಂಬರಿನಲ್ಲಿ ಕೃಷ್ಣಗಿರಿಯ ಮೇಲೆ ನಡೆದ ಮುತ್ತಿಗೆಯನ್ನು ದುರ್ಗದವರು ಹಿಮ್ಮೆಟ್ಟಿಸಿದರು. ಬಾರಾಮಹಲು 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಕಂಪೆನಿಗೆ ಹೋಯಿತು. ಕ್ಯಾಪ್ಟನ್ ರೀಡನೂ ಅವನ ಕೈಕೆಳಗಿದ್ದ ಮನ್ರೋ ಸಾಹೇಬನೂ ರೈತವಾರಿ ಪದ್ಧತಿಯನ್ನು ಮೊದಲು ಪ್ರಯೋಗಿಸಿದ ನೆಲ ಇದು. ದುರ್ಗಕ್ಕೆ ಹತ್ತುವ ವಿದ್ಯಾರ್ಥಿಗಳಿಗೆ ಗುಂಡು ಮದ್ದಿನ ಕಥೆಯ ಜೊತೆಗೆ ಕಂದಾಯದ ಕಥೆಯನ್ನೂ ಹೇಳಬಹುದು.

ತೊರಪಳ್ಳಿಯಲ್ಲಿ ರಾಜಾಜಿಯವರು ಹುಟ್ಟಿದ್ದು 1878ರ ಡಿಸೆಂಬರ್ 10ರಂದು. ಹೊಸೂರಿನ ಶಾಲೆಯಲ್ಲಿ ಓದಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ಹೋದವರು ಅವರು. ಮನೆಯನ್ನು ಸ್ಮಾರಕವಾಗಿ ಇಟ್ಟಿದ್ದಾರೆ. ನೋಡಿ ಹೊರಬಂದವರು ದಕ್ಷಿಣ ಪಿನಾಕಿನಿಯನ್ನೂ ನೋಡಿ ಬರಬೇಕು. ನಂದಿಯ ಸೀಮೆಯಲ್ಲಿ ಹುಟ್ಟಿ ಕಡಲೂರಿನ ಬಳಿ ಸಮುದ್ರ ಸೇರುವ ಈ ನದಿಯ ನೀರು ಹೊಸೂರಿನ ಕೆಲವರಪಳ್ಳಿ ಅಣೆಕಟ್ಟಿಗೆ ಬರುವಷ್ಟರಲ್ಲಿ ಬೆಂಗಳೂರಿನ ಕೊಳಚೆ ಸೇರಿ ಮಳೆಗಾಲದಲ್ಲಿ ಬಿಳಿಯ ನೊರೆಯ ಗುಡ್ಡೆಗಳಾಗಿ ಏಳುತ್ತದೆ. ಅದನ್ನೂ ನಿಂತು ಚಿತ್ರ ತೆಗೆದುಕೊಳ್ಳುವವರನ್ನು ಕಂಡು ಏನು ಹೇಳಬೇಕೋ ತಿಳಿಯದು.

1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಹೊಸೂರು ಮದರಾಸು ರಾಜ್ಯದಲ್ಲಿಯೇ ಉಳಿಯಿತು. ಸೇಲಂ ಜಿಲ್ಲೆಯಿಂದ 1965ರಲ್ಲಿ ಧರ್ಮಪುರಿ, ಧರ್ಮಪುರಿಯಿಂದ 2004ರಲ್ಲಿ ಕೃಷ್ಣಗಿರಿ ಬೇರೆಯಾದುವು. ತಮಿಳನ್ನು ಒಂದನೆಯ ತರಗತಿಯಿಂದ ಹಂತಹಂತವಾಗಿ ಕಡ್ಡಾಯ ಮಾಡಿದ ಕಾಯಿದೆ 2006ರದು. ತಮಿಳು ಕಲಿಯಬಾರದೆಂದು ನಾವು ಎಂದೂ ಹೇಳಿದವರಲ್ಲ. ರಾಮನಾಥನ ಶಾಸನವನ್ನು ಓದಲು ಅದು ಬೇಕೇ ಬೇಕು. ಆದರೆ ಕನ್ನಡ ತರಗತಿಯ ಹಲಗೆಗಳು ಖಾಲಿಯಾದರೆ ನೊಳಂಬನ ಕಲ್ಲನ್ನೂ ಗುಮ್ಮಳಾಪುರದ ಪುಸ್ತಕವನ್ನೂ ಓದುವವರು ಈ ನೆಲದಲ್ಲಿಯೇ ಇಲ್ಲದಂತಾಗುತ್ತದೆ.

ಆದುದರಿಂದ ಅಧ್ಯಾಪಕ ಬಂಧುಗಳಲ್ಲಿ ಒಂದು ಬಿನ್ನಹ. ಈ ಸಾರಿಯ ಶಾಲಾ ಪ್ರವಾಸದ ಒಂದು ದಿನವನ್ನು ಸ್ವಂತ ಊರಿನ ಕಲ್ಲುಗಳಿಗೆ ಮೀಸಲಿಡಿ. ಕಲ್ಲಿನ ಮೇಲೆ ಸುಣ್ಣ, ಬಣ್ಣ, ಸೀಮೆಸುಣ್ಣ ಯಾವುದನ್ನೂ ತಿಕ್ಕದೆ, ಇಳಿಬಿಸಿಲಿನಲ್ಲಿ ಅಡ್ಡಬೆಳಕು ಬಿದ್ದಾಗ ಚಿತ್ರ ತೆಗೆಯಿರಿ. ಊರು, ಹೊಲದ ಗುರುತು, ಕಲ್ಲು ಮುಖ ಮಾಡಿರುವ ದಿಕ್ಕು, ಎತ್ತರ, ಊರವರು ಕರೆಯುವ ಹೆಸರು, ಇವಿಷ್ಟನ್ನು ಮಕ್ಕಳ ಕೈಯಲ್ಲೇ ಬರೆಯಿಸಿ. ಒಂದು ಪ್ರತಿಯನ್ನು ಶಾಲೆಯಲ್ಲಿಟ್ಟು ಇನ್ನೊಂದನ್ನು ಕೃಷ್ಣಗಿರಿಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಕಳುಹಿಸಿ. ಸಾನಮಾವಿನ ಕಡೆಗೆ ಹೋಗುವವರು ರಾಗಿಯ ಕೊಯ್ಲು ಮುಗಿದು ಆನೆಗಳು ಹಿಂದಿರುಗಿದ ಮೇಲೆ, ಬೇಸಗೆಯ ಮೊದಲಲ್ಲಿ ಹೊರಟು, ಹೊತ್ತಿಳಿಯುವುದರೊಳಗೆ ಕಾಡಿನ ದಾರಿಯನ್ನು ದಾಟಿರತಕ್ಕದ್ದು.